ಅಡಿಕೆ ದರದ ಪುಟವನ್ನು ನಾಳೆ ತಿದ್ದುವವರು ಯಾರು?

ಶಿರಸಿ ಸೀಮೆಯಲ್ಲಿರುವ ನಮ್ಮೂರಿನ ಸಹಕಾರಿ ಸೊಸೈಟಿಗೆ ಕೆಲವು ವರ್ಷಗಳ ಹಿಂದೆ ನಾನೊಂದು ಜಾಲತಾಣವನ್ನು ಮಾಡಿಕೊಟ್ಟಿದ್ದೆ. ಸೊಸೈಟಿಯ ಪರಿಚಯ, ಆಡಳಿತ ಮಂಡಳಿ, ವಾರ್ಷಿಕ ವರದಿ, ದಿನದ ಅಡಿಕೆ ದರ ಎಂದು ಅದರಲ್ಲಿ ಇದ್ದದ್ದು ನಾಲ್ಕೇ ಪುಟಗಳು. ಮೊದಲ ಮೂರನ್ನು ಆಡಳಿತ ಮಂಡಳಿಯವರ ಹೊರತು ಬೇರೆ ಯಾರೂ ಓದಿರಲಾರರು. ನಾಲ್ಕನೆಯದನ್ನು ಮಾತ್ರ ಬೆಳೆಗಾರರು ಟೆಂಡರ್ ಮುಗಿಯುವ ಹೊತ್ತಿಗೆ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ದಿನಾಂಕದ ಪಕ್ಕದಲ್ಲಿ ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಚಾಲಿ ಎಂದು ಅಡಿಕೆಯ ಐದು ಬಗೆಗಳಿಗೆ ಐದು ಕಾಲಂಗಳು, ದಿನಕ್ಕೊಂದು ಸಾಲು. ಇಡೀ ತಾಣವನ್ನು ನಾನು ನೋಟ್‌ಪ್ಯಾಡಿನಲ್ಲಿ ಒಂದೊಂದೇ ಟ್ಯಾಗ್ (ಪುಟದ ಯಾವ ಭಾಗ ಏನೆಂದು ಬ್ರೌಸರಿಗೆ ತಿಳಿಸುವ ಗುರುತು) ಬರೆದು ಕಟ್ಟಿದ್ದೆ, ಮತ್ತು ಯಾವ ತಂತ್ರಾಂಶದ ಹಂಗೂ ಇಲ್ಲದೆ ಅಷ್ಟು ಹಗುರವಾದ ಪುಟಗಳನ್ನು ಮಾಡಿದ್ದೇನೆಂಬ ಹೆಮ್ಮೆ ನನಗೆ ಸಾಕಷ್ಟೇ ಇತ್ತು.

ದರವನ್ನು ಪ್ರತಿದಿನ ತುಂಬುವ ಕೆಲಸ ಅಲ್ಲಿನ ಕ್ಲಾರ್ಕ್ ಒಬ್ಬರದಾಗಿತ್ತು. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸಿ, ನಿನ್ನೆಯ ಸಾಲನ್ನು ನಕಲು ಮಾಡಿ ಟ್ಯಾಗುಗಳ ನಡುವಿನ ಅಂಕಿಯನ್ನಷ್ಟೇ ಬದಲಿಸಬೇಕೆಂದು ನಾನು ಅವರಿಗೆ ಹೇಳಿಕೊಟ್ಟಿದ್ದೆ. ಎರಡು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ದಿನ ಅಂಗಳಕ್ಕೆ ಕೆಂಪುಗೋಟಿನ ಆವಕವೇ ಇರಲಿಲ್ಲ. ಆವಕವಿಲ್ಲದ ಮೇಲೆ ದರವಿಲ್ಲ, ದರವಿಲ್ಲದ ಮೇಲೆ ಆ ಖಾನೆಯಾದರೂ ಏಕೆ ಎಂದುಕೊಂಡು ಅವರು ಕೆಂಪುಗೋಟಿನ ಖಾನೆಯನ್ನು ಆರಂಭದ ಮತ್ತು ಮುಕ್ತಾಯದ ಟ್ಯಾಗುಗಳ ಸಮೇತ ಅಳಿಸಿಬಿಟ್ಟರು. ಬ್ರೌಸರಿಗೆ ಅಡಿಕೆಯ ಜಾತಿ ತಿಳಿಯದು. ಒಂದು ಸಾಲಿನಲ್ಲಿ ಒಂದು ಖಾನೆ ಕಡಿಮೆಯಾದರೆ ಅದು ದೂರು ಹೇಳುವುದೂ ಇಲ್ಲ. ಸಿಕ್ಕಿದ ಖಾನೆಗಳನ್ನು ಎಡದಿಂದ ಒಂದೊಂದಾಗಿ ಕೂರಿಸುತ್ತಾ ಹೋಗುತ್ತದೆ. ಚಾಲಿಯ ದರ ಕೆಂಪುಗೋಟಿನ ಕೆಳಗೆ ಬಂದು ಕುಳಿತಿತು, ಚಾಲಿಯ ಜಾಗ ಖಾಲಿ ಉಳಿಯಿತು. ಸಂಜೆ ಊರಿನ ಹಿರಿಯರೊಬ್ಬರು ಬೆಂಗಳೂರಿನಲ್ಲಿದ್ದ ನನಗೇ ಫೋನು ಮಾಡಿ, “ಏನೋ ತಮಾ, ಕೆಂಪುಗೋಟಿಗೆ ಇಷ್ಟು ದರ ಹೌದಾದ್ರೆ ಹೇಳು, ನಾಳೆನೇ ಚೀಲ ತುಂಬ್ಸಿ ಕಳಿಸ್ತೇನೆ” ಎಂದರು. ಅವರ ದನಿಯಲ್ಲಿ ಆಸೆಗಿಂತ ತಮಾಷೆಯೇ ಹೆಚ್ಚಾಗಿತ್ತೆಂಬುದು ನನ್ನ ಪುಣ್ಯ.

ಕ್ಲಾರ್ಕ್ ಮಾಡಿದ್ದನ್ನು ತಪ್ಪೆಂದು ನಾನು ಇಂದಿಗೂ ಕರೆಯಲಾರೆ. ಕಾಗದದ ಪಟ್ಟಿಯಲ್ಲಿ ಇಲ್ಲದ್ದನ್ನು ಹೊಡೆದುಹಾಕುವುದು ಸಹಜ. ಅಂಕಿಯನ್ನೂ ಅಂಕಿ ಕೂರುವ ಮಣೆಯನ್ನೂ ಒಂದೇ ಕಡತದಲ್ಲಿಟ್ಟು, ಎರಡನ್ನೂ ಅಳಿಸಬಲ್ಲ ರಬ್ಬರನ್ನು ಅವರ ಕೈಗೆ ಕೊಟ್ಟವನು ನಾನು. ಕೈಯಿಂದ ಕೋಡ್ ಬರೆಯುವುದು ಮೇಲೋ, ಎಳೆದು ತಂದು ಜೋಡಿಸುವ ದೃಶ್ಯ ತಂತ್ರಾಂಶ ಮೇಲೋ ಎಂಬ ವಾದದಲ್ಲಿ ಅಲ್ಲಿಯವರೆಗೆ ನಾನು ಯಾವಾಗಲೂ ಮೊದಲನೆಯ ಪಕ್ಷದಲ್ಲೇ ಇದ್ದೆ. ಆ ಸಂಜೆಯಿಂದ ಪಕ್ಷ ಬದಲಿಸಿದೆನೆಂದಲ್ಲ, ಆದರೆ ಯಾರಾದರೂ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರೆ ಪುಟವನ್ನು ನಾಳೆ ತಿದ್ದುವವರು ಯಾರು ಎಂದು ಮೊದಲು ವಿಚಾರಿಸಿಕೊಳ್ಳುತ್ತೇನೆ.

ಈ ಎರಡು ದಾರಿಗಳು ಜಾಲದಷ್ಟೇ ಹಳೆಯವು. ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯ ನೆಕ್ಸ್ಟ್ ಗಣಕದ ಮೇಲೆ ಬರೆದ ಮೊತ್ತಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ಅಲ್ಲೇ ತಿದ್ದಲೂ ಬರುತ್ತಿತ್ತು; ಟ್ಯಾಗುಗಳನ್ನು ಮನುಷ್ಯರು ಕೈಯಾರೆ ಬರೆಯಬೇಕಾಗುತ್ತದೆ ಎಂಬುದು ಅವರ ಕಲ್ಪನೆಯಾಗಿರಲಿಲ್ಲ. 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಬ್ರೌಸರ್ ಓದುವುದಕ್ಕೇ ಮೀಸಲಾದದ್ದು. ಹಾಗಾಗಿ ಒಂದು ಇಡೀ ತಲೆಮಾರು ಇತರರ ಪುಟಗಳ ಮೂಲವನ್ನು ತೆರೆದು ನೋಡಿ, ನಕಲು ಮಾಡಿ, ಕೆಡಿಸಿ, ಸರಿಪಡಿಸಿ ಈ ವಿದ್ಯೆಯನ್ನು ಕಲಿಯಿತು. ಆಮೇಲೆ ದೃಶ್ಯ ತಂತ್ರಾಂಶಗಳು ಸಾಲಾಗಿ ಬಂದವು. ವರ್ಮೀರ್ ಎಂಬ ಸಣ್ಣ ಕಂಪನಿಯ ಫ್ರಂಟ್‌ಪೇಜನ್ನು ಮೈಕ್ರೋಸಾಫ್ಟ್ 1996ರಲ್ಲಿ ಕೊಂಡುಕೊಂಡಿತು, 1997ರ ಕೊನೆಯಲ್ಲಿ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಹೊರಬಂದಿತು. ತೆರೆಯ ಮೇಲೆ ಕಂಡದ್ದೇ ಓದುಗರಿಗೂ ಕಾಣುತ್ತದೆ ಎಂಬುದು ಇವೆಲ್ಲ ಕೊಟ್ಟ ಭರವಸೆ. ಯಾರ ತೆರೆಯ ಮೇಲೆ ಎಂಬ ಪ್ರಶ್ನೆ ಆಗ ಅಷ್ಟಾಗಿ ಏಳಲಿಲ್ಲ, ಏಕೆಂದರೆ ಬಹುಪಾಲು ಗಣಕಗಳ ತೆರೆಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದವು. ಮೊಬೈಲ್ ಎಲ್ಲರ ಕೈಗೂ ಬಂದ ಮೇಲೆ ಆ ಭರವಸೆ ಸಡಿಲವಾಯಿತು. ತೆರೆಯ ಅಗಲಕ್ಕೆ ತಕ್ಕಂತೆ ಪುಟವೂ ಮೈ ಬದಲಿಸಬೇಕೆಂಬ ವಿಧಾನಕ್ಕೆ ಜಾಲ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್’ ವಿನ್ಯಾಸವೆಂದು ಹೆಸರಿಟ್ಟರು.

ಕನ್ನಡದಲ್ಲಿ ಬರೆಯುವವರಿಗೆ ಆ ಭರವಸೆ ಅದಕ್ಕಿಂತ ಮೊದಲೇ ಕೈಕೊಟ್ಟಿತ್ತು. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳನ್ನು ಆಕ್ರಮಿಸಿಕೊಂಡ ಫಾಂಟುಗಳಲ್ಲಿ ಬದುಕುತ್ತಿದ್ದವು. ಪುಟ ಮಾಡಿದವರ ಗಣಕದಲ್ಲಿ ಫಾಂಟ್ ಇರುತ್ತಿದ್ದುದರಿಂದ ತಂತ್ರಾಂಶದ ಕಿಟಕಿಯಲ್ಲಿ ಅಚ್ಚ ಕನ್ನಡ ಕಾಣುತ್ತಿತ್ತು, ಓದುವವರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ತೆರೆದುಕೊಳ್ಳುತ್ತಿತ್ತು. ಯೂನಿಕೋಡ್ ಬಂದ ಮೇಲೂ ನಾನು ಬಳಸುತ್ತಿದ್ದ ಒಂದು ತಂತ್ರಾಂಶಕ್ಕೆ ಕನ್ನಡದ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಅದರ ಕಿಟಕಿಯಲ್ಲಿ ನಾನು ‘ಕ’ ಎಂದು ಒತ್ತಿದರೆ, ಉಳಿಸಿದ ಕಡತದಲ್ಲಿ ಆಂಪರ್ಸ್ಯಾಂಡ್, ಹ್ಯಾಶ್, 3221 ಎಂಬ ಸಂಖ್ಯೆ, ಕೊನೆಗೊಂದು ಸೆಮಿಕೋಲನ್ ಇರುತ್ತಿದ್ದವು. 3221 ಎನ್ನುವುದು ಯೂನಿಕೋಡಿನಲ್ಲಿ ‘ಕ’ ಅಕ್ಷರದ ಕ್ರಮಸಂಖ್ಯೆ. ಬ್ರೌಸರ್ ಅದನ್ನು ಸರಿಯಾಗಿಯೇ ತೋರಿಸುತ್ತದೆ, ಆದ್ದರಿಂದ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಒಳಗಿನ ಲೆಕ್ಕ ಬೇರೆ. ‘ಕನ್ನಡ’ ಎಂಬ ಪದದಲ್ಲಿ ಅರ್ಧಾಕ್ಷರದ ಗುರುತೂ ಸೇರಿ ಐದು ಸಂಕೇತಗಳಿವೆ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ನೇರವಾಗಿ ಉಳಿಸಿದರೆ 15 ಬೈಟ್ ಸಾಕು, ಸಂಖ್ಯೆಗಳಾಗಿ ಉಳಿಸಿದರೆ 35 ಬೇಕು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಕಡತವನ್ನು ಬೇರೊಂದು ಎಡಿಟರಿನಲ್ಲಿ ತೆರೆದಾಗ ನಾನೇ ಬರೆದ ಒಂದು ವಾಕ್ಯವನ್ನೂ ಹುಡುಕಲು ಆಗುತ್ತಿರಲಿಲ್ಲ. ಕೈಯಿಂದ ಕೋಡ್ ಬರೆಯುವ ಕಡೆಗೆ ನಾನು ಹೊರಳಿದ್ದು ಆಗಲೇ. ಅದಕ್ಕೆ ದೊಡ್ಡ ತತ್ತ್ವವೇನೂ ಕಾರಣವಾಗಿರಲಿಲ್ಲ, ನನ್ನ ಬರಹ ನನಗೇ ಓದಲು ಸಿಗಲೆಂಬ ಆಸೆಯಷ್ಟೇ ಇತ್ತು.

ಇಂದಿನ ತಂತ್ರಾಂಶಗಳಲ್ಲಿ ಆ ರೋಗವಿಲ್ಲ, ಆದರೆ ಅವುಗಳ ವಿನ್ಯಾಸದ ಅಳತೆಗೋಲು ಇನ್ನೂ ರೋಮನ್ ಲಿಪಿಯದೇ. ಗೆಳೆಯರೊಬ್ಬರು ತಮ್ಮ ಯಕ್ಷಗಾನ ತರಬೇತಿ ಕೇಂದ್ರಕ್ಕೆ ಸಿದ್ಧ ಥೀಮ್ (ತಾಣದ ರೂಪವಿನ್ಯಾಸದ ಅಚ್ಚು) ಒಂದನ್ನು ಆರಿಸಿ, ಎಲ್ಲವನ್ನೂ ಮೌಸಿನಿಂದಲೇ ಜೋಡಿಸಿ, ಎರಡೇ ದಿನದಲ್ಲಿ ನಿಜಕ್ಕೂ ಅಂದವಾದ ತಾಣವನ್ನು ಎಬ್ಬಿಸಿದ್ದರು. ಮುಖಪುಟದ ದೊಡ್ಡ ಶೀರ್ಷಿಕೆಯಲ್ಲಿ ‘ಶಾಸ್ತ್ರೀಯ’ ಎಂಬ ಪದವಿತ್ತು. ಅದರ ‘ಸ್ತ್ರೀ’ಯಲ್ಲಿ ತಕಾರದ ಒತ್ತು ಅರ್ಧ ಕಾಣುತ್ತಿತ್ತು, ಅದಕ್ಕಂಟಿದ ರಕಾರದ ಒತ್ತು ಚಾಕುವಿನಿಂದ ಕೊಯ್ದಂತೆ ಪೂರ್ತಿ ಮಾಯವಾಗಿತ್ತು. ಇಂಗ್ಲಿಷ್ ಶೀರ್ಷಿಕೆಗೆ ಸಾಲಿನ ಎತ್ತರ ಅಕ್ಷರದ ಗಾತ್ರಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ಬಿಗಿಯಾಗಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯಬಹುದು. ಗೆಳೆಯರು ತಂತ್ರಾಂಶದ ಪಟ್ಟಿಯಲ್ಲಿ ಸಾಲಿನ ಎತ್ತರದ ಗುಂಡಿಯನ್ನು ಹುಡುಕಿ ಎಳೆದರು. ಸಾಲುಗಳ ನಡುವೆ ಜಾಗವೇನೋ ಬಂತು, ಒತ್ತು ಬರಲಿಲ್ಲ. ಒಂದು ವಾರದ ನಂತರ ನಾನು ಬ್ರೌಸರಿನಲ್ಲಿ ಎಫ್12 ಒತ್ತಿ ಪುಟದ ಕೋಡನ್ನು ಒಳಗೆ ನೋಡಿದಾಗ, ಆ ಶೀರ್ಷಿಕೆ ಒಂದರೊಳಗೊಂದಾಗಿ ಏಳು ಡಿವ್‌ಗಳ, ಎಂದರೆ ಪುಟದ ಭಾಗಗಳನ್ನು ಹಿಡಿದಿಡುವ ಡಬ್ಬಿಗಳ, ಗರ್ಭದಲ್ಲಿ ಕುಳಿತಿರುವುದು ಕಂಡಿತು. ಅವುಗಳಲ್ಲಿ ಐದನೆಯದಕ್ಕೆ ಎತ್ತರವನ್ನು ನಿಗದಿಮಾಡಿ, ಅದನ್ನು ಮೀರಿದ್ದನ್ನು ಮರೆಮಾಡಬೇಕೆಂಬ ಆಜ್ಞೆಯನ್ನು ಥೀಮ್ ಮಾಡಿದವರು ಬರೆದಿದ್ದರು. ಅದಕ್ಕೆ ಪಟ್ಟಿಯಲ್ಲಿ ಯಾವ ಗುಂಡಿಯೂ ಇರಲಿಲ್ಲ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್ಎಸ್ ಭಾಷೆಯ ಎರಡು ಸಾಲು ಸೇರಿಸಿದೊಡನೆ ರಕಾರ ಮರಳಿ ಬಂತು. ಇದನ್ನು ನನ್ನ ಜಾಣ್ಮೆಯೆಂದು ಹೇಳುತ್ತಿಲ್ಲ. ಸಿಎಸ್ಎಸ್ಸಿನ ಮೊದಲ ಪಾಠಗಳನ್ನು ಓದಿದ ಯಾರಿಗಾದರೂ ಅದು ಹತ್ತು ನಿಮಿಷದ ಕೆಲಸ. ಓದದವರಿಗೆ ಮಾತ್ರ ಆ ಒತ್ತು ಎಲ್ಲಿ ಹೋಯಿತೆಂದು ಕೇಳಲು ಕೂಡ ಶಬ್ದಗಳಿರುವುದಿಲ್ಲ.

ತೂಕದ ವಿಷಯವನ್ನೂ ಹೇಳಲೇಬೇಕು. ಸೊಸೈಟಿಯ ದರದ ಪುಟ ಕೆಲವೇ ಕೆಬಿಗಳದ್ದು. ಗೆಳೆಯರ ಮುಖಪುಟ ಚಿತ್ರಗಳನ್ನು ಬಿಟ್ಟೂ ಎರಡು ಎಂಬಿಯ ಹತ್ತಿರವಿತ್ತು, ಅವರು ಬಳಸದ ಸ್ಲೈಡರ್, ಬಳಸದ ಐಕಾನುಗಳು, ಬಳಸದ ಅನಿಮೇಷನ್‌ಗಳೆಲ್ಲ ಅದರೊಂದಿಗೆ ಇಳಿಯುತ್ತಿದ್ದವು. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ತೋಟದ ಇಳಿಜಾರಿನಲ್ಲಿ ಸಿಗ್ನಲ್ಲಿನ ಒಂದೇ ಕಡ್ಡಿ ಕಾಣುವ ಕಡೆ ನಿಂತು ದರ ನೋಡಬೇಕಾದವರಿಗೆ ಬೀಳುತ್ತದೆ.

ಇಷ್ಟೆಲ್ಲ ಇದ್ದೂ ಕ್ಲಾರ್ಕ್ ಅವರ ಸಮಸ್ಯೆಗೆ ನಾನು ಕೈಯಿಂದ ಬರೆದ ಕೋಡಿನಲ್ಲಿ ಉತ್ತರವಿರಲಿಲ್ಲ. ದರ ತಿದ್ದಲು ಪ್ರತಿದಿನ ನನಗೇ ಫೋನು ಮಾಡಿ ಎಂದು ಹೇಳಬಹುದಿತ್ತು, ಆದರೆ ಹಾಗೆ ಹೇಳಿದವರ ಜಾಲತಾಣಗಳು ಮೂರನೆಯ ತಿಂಗಳಿಗೆ ಹಳೆಯ ದಿನಾಂಕವನ್ನು ಹೊತ್ತು ನಿಂತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊನೆಗೆ ತಾಣವನ್ನು ವರ್ಡ್‌ಪ್ರೆಸ್ ಎಂಬ ಜಾಲತಾಣ ನಿರ್ವಹಣಾ ತಂತ್ರಾಂಶಕ್ಕೆ ತಂದೆ. ಸಿದ್ಧ ಥೀಮನ್ನಾಗಲಿ ಪುಟ ಜೋಡಿಸುವ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಆಗಲಿ ಹಾಕದೆ, ಟ್ಯಾಗುಗಳಲ್ಲಿ ಬರೆದ ಹಳೆಯ ಎಚ್‌ಟಿಎಂಎಲ್ಲನ್ನೇ ಬಿಡಿಸಿ ಚಿಕ್ಕದೊಂದು ಥೀಮನ್ನು ಕೈಯಿಂದ ಬರೆದೆ; ಸಾಲಿನ ಎತ್ತರ, ಕನ್ನಡ ಫಾಂಟ್, ಮೊಬೈಲಿನಲ್ಲಿ ಕಾಲಂಗಳು ಹೇಗೆ ಕೂರಬೇಕು ಎಂಬುದೆಲ್ಲ ಅದರಲ್ಲಿದೆ, ಅದಕ್ಕೆ ಕ್ಲಾರ್ಕ್ ಕೈ ಹಾಕಬೇಕಾಗಿಲ್ಲ. ಅವರಿಗೆ ಕಾಣುವುದು 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0ರೊಂದಿಗೆ ಬಂದ ಬ್ಲಾಕ್ ಎಡಿಟರ್, ಪುಟವನ್ನು ತುಂಡು ತುಂಡಾಗಿ ತೆರೆಯ ಮೇಲೆಯೇ ತಿದ್ದುವ ಸಾಧನ, ಅದರೊಳಗೊಂದು ಟೇಬಲ್. ಅಲ್ಲಿ ಖಾನೆಯೊಳಗಿನ ಅಂಕಿಯನ್ನು ಎಷ್ಟು ಸಲ ಅಳಿಸಿದರೂ ಖಾನೆ ಉಳಿಯುತ್ತದೆ. ಕಾಲಂ ತೆಗೆಯಬೇಕೆಂದರೆ ಬೇರೆ ಮೆನುವಿಗೇ ಹೋಗಬೇಕು. ದೃಶ್ಯ ತಂತ್ರಾಂಶದ ಅಸಲಿ ಉಪಕಾರ ಇದೇ ಎಂದು ನನಗೆ ಅನ್ನಿಸಿದೆ: ಅಲಂಕಾರಕ್ಕಿಂತ ಅದು ಹಾಕುವ ಬೇಲಿ ದೊಡ್ಡದು. ಜಾಹೀರಾತುಗಳು ಮಾತ್ರ ಅಲಂಕಾರವನ್ನೇ ಮಾರುತ್ತವೆ.

ಹೊಸದಾಗಿ ಕಲಿಯುವವರು ಕೇಳಿದರೆ, ಮೊದಲ ಒಂದೆರಡು ತಿಂಗಳು ಕೈಯಿಂದಲೇ ಬರೆಯಿರಿ ಎನ್ನುತ್ತೇನೆ. ಬದುಕಿಡೀ ಹಾಗೆಯೇ ಬರೆಯಬೇಕಾಗಿಲ್ಲ. ತಂತ್ರಾಂಶ ಎಲ್ಲಿ ಕೈಬಿಟ್ಟಿತೆಂಬುದು ಗೊತ್ತಾಗುವಷ್ಟು ಬಂದರೆ ಸಾಕು. ಅಂಗಡಿಯ ವಿಳಾಸ ಮತ್ತು ಫೋನ್ ಸಂಖ್ಯೆ ಕಂಡರೆ ಸಾಕೆನ್ನುವವರಿಗೆ ಅದೂ ಬೇಡ, ಸಿದ್ಧ ಥೀಮೇ ಸಾಕು. ಆದರೆ ಯಾವುದನ್ನು ಆರಿಸಿದರೂ, ನಾಳೆ ಆ ಕಂಪನಿ ಬಾಗಿಲು ಹಾಕಿದರೆ ಪುಟಗಳನ್ನು ಕಡತಗಳಾಗಿ ಹೊರತೆಗೆದುಕೊಳ್ಳಲು ಬರುತ್ತದೆಯೇ ಎಂದು ಹಣ ಕಟ್ಟುವ ಮೊದಲು ನೋಡಿಕೊಳ್ಳಬೇಕು. ಫ್ರಂಟ್‌ಪೇಜ್ 2003ರ ಆವೃತ್ತಿಗೇ ಮುಗಿಯಿತು, 2006ರಲ್ಲಿ ಅದನ್ನು ನಿಲ್ಲಿಸಿದರು. ಲಕ್ಷಾಂತರ ಜನರ ಸ್ವಂತ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಸರ್ನ್ ಸಂಸ್ಥೆ 2013ರಲ್ಲಿ ಮತ್ತೆ ಹಳೆಯ ವಿಳಾಸಕ್ಕೇ ತಂದಿಟ್ಟ ಜಗತ್ತಿನ ಮೊದಲ ಜಾಲತಾಣದ ಸರಳ ಎಚ್‌ಟಿಎಂಎಲ್ ಪುಟಗಳಾದರೋ ಇಂದಿನ ಮೊಬೈಲ್ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತವೆ.

ಸೊಸೈಟಿಯ ಪುಟ ಈಗ ಮೊದಲಿಗಿಂತ ಸ್ವಲ್ಪ ಭಾರವಾಗಿದೆ, ನನ್ನ ಹೆಮ್ಮೆ ಸ್ವಲ್ಪ ಹಗುರವಾಗಿದೆ. ವಾರ್ಷಿಕ ವರದಿಯನ್ನು ವರ್ಷಕ್ಕೊಮ್ಮೆ ನಾನೇ ಸೇರಿಸುತ್ತೇನೆ. ದರದ ಪಟ್ಟಿಯ ಕಡೆಗೆ ನಾನು ತಲೆಹಾಕುವುದಿಲ್ಲ. ಆವಕವಿಲ್ಲದ ದಿನ ಕೆಂಪುಗೋಟಿನ ಖಾನೆಯಲ್ಲಿ ಕ್ಲಾರ್ಕ್ ಒಂದು ಅಡ್ಡಗೆರೆ ಎಳೆದಿರುತ್ತಾರೆ, ಪಕ್ಕದಲ್ಲಿ ಚಾಲಿ ತನ್ನ ಜಾಗದಲ್ಲೇ ಇರುತ್ತದೆ.