ಲೋಲಕಕ್ಕೆ ವಾಷರ್ ಹೆಚ್ಚಿಸಿದರೆ ನಿಧಾನವಾಗುವುದೇಕೆ? ಐದನೇ ತರಗತಿಯ ಗಂಟು ಬಿಚ್ಚಿತು

ದಾರ ಉದ್ದವಾದಷ್ಟೂ ಲೋಲಕ (ದಾರದ ತುದಿಗೆ ಭಾರ ಕಟ್ಟಿ ತೂಗಾಡಲು ಬಿಟ್ಟದ್ದು) ನಿಧಾನ ಅನ್ನುವಲ್ಲಿಗೆ ಮಕ್ಕಳು ತಾವೇ ತಲುಪಿದ್ದರು. ‘ಭಾರ ಹೆಚ್ಚಿಸಿದರೆ?’ ಅನ್ನುವ ಪ್ರಶ್ನೆಯಲ್ಲಿ ಎಲ್ಲವೂ ಸಿಕ್ಕಿಬಿತ್ತು. 25 ಸೆಂ.ಮೀ. ಲೋಲಕ, ಭಾರಕ್ಕೆ ಒಂದು ವಾಷರ್ (ನಡುವೆ ತೂತಿರುವ ಲೋಹದ ಬಿಲ್ಲೆ): 30 ಸೆಕೆಂಡಿಗೆ 30 ಸಲ ಹೋಗಿ ಬರುತ್ತದೆ. ನಾಲ್ಕು ವಾಷರ್: 27 ಸಲ. ಎಲ್ಲ ಗುಂಪುಗಳ ಪಟ್ಟಿಯಲ್ಲೂ ಇದೇ. ಎಣಿಕೆ ಪ್ರಾಮಾಣಿಕ, ‘ಭಾರ ಹೆಚ್ಚಿದರೆ ನಿಧಾನ’ ಅನ್ನುವ ತೀರ್ಮಾನ ತಪ್ಪು. ‘ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಬೋರ್ಡಿನ ಮೇಲೆ ಬರೆದುಬಿಟ್ಟರೆ ಮಕ್ಕಳು ತಮ್ಮ ಕಣ್ಣನ್ನೇ ನಂಬದಂತೆ ಕಲಿಸಿದ ಹಾಗಾಗುತ್ತದೆ.

ತೊಡಕು ಇದ್ದದ್ದು ಕಟ್ಟುವ ರೀತಿಯಲ್ಲಿ. ಮಕ್ಕಳು ಒಂದು ವಾಷರ್‌ನ ಕೆಳಗೆ ಇನ್ನೊಂದನ್ನು ಸರಪಳಿಯಂತೆ ಪೋಣಿಸುತ್ತಾರೆ. ಎಂ16 (16 ಮಿ.ಮೀ. ಬೋಲ್ಟಿಗೆ ಹಾಕುವ) ವಾಷರ್‌ನ ಅಗಲ 3 ಸೆಂ.ಮೀ. ಮೊದಲನೆಯದು 25ರಲ್ಲಿದ್ದರೆ ಉಳಿದವು 28, 31, 34ರಲ್ಲಿ ತೂಗುತ್ತವೆ. ಒಟ್ಟಾರೆ ಅದು ಹೆಚ್ಚುಕಡಿಮೆ 30 ಸೆಂ.ಮೀ. ಲೋಲಕದಂತೆ ಆಡುತ್ತದೆ, 27 ಬರಲೇಬೇಕು. ಭಾರದ ಜೊತೆ ಉದ್ದವೂ ಕದ್ದು ಬದಲಾಗಿದೆ.

ಇದನ್ನು ಹೇಳಿಕೊಡದೆ ಕಾಣಿಸುವುದು ಹೇಗೆ? ‘ಬೇರೇನು ಬದಲಾಯ್ತು?’ ಎಂದು ಕೇಳಿದರೆ ಸಾಲದು, ಮಕ್ಕಳು ಟೀಚರ ಮುಖ ನೋಡಿ ಉತ್ತರ ಹುಡುಕುತ್ತಾರೆ. ಕೆಲಸ ಮಾಡಿದ್ದು ಎರಡು ಲೋಲಕಗಳನ್ನು ಪಕ್ಕಪಕ್ಕ ಕಟ್ಟಿದ್ದು. ಒಂದರಲ್ಲಿ ನಾಲ್ಕು ವಾಷರ್ ಸರಪಳಿ. ಇನ್ನೊಂದರಲ್ಲಿ ದೊಡ್ಡ ಜೆಮ್ ಕ್ಲಿಪ್ಪನ್ನು ಕೊಕ್ಕೆಯಂತೆ ಬಗ್ಗಿಸಿ ನಾಲ್ಕನ್ನೂ ಒಟ್ಟಿಗೆ ಸಿಕ್ಕಿಸಿದ್ದು. ಒಂದು 27, ಇನ್ನೊಂದು 30. ಭಾರ ಒಂದೇ, ಎಣಿಕೆ ಬೇರೆ! ತರಗತಿ ಒಂದು ಕ್ಷಣ ಗಪ್‌ಚುಪ್. ಆಮೇಲೆ ಒಬ್ಬಳು ಸ್ಕೇಲ್ ಹಿಡಿದು, “ಟೀಚರ್, ಇದರ ಬಾಲ ಎಷ್ಟು ಕೆಳಗಿದೆ ನೋಡಿ” ಅಂದಳು. ಮುಂದಿನ ಪ್ರಯೋಗವನ್ನು ಅವರೇ ಹೂಡಿದರು: ಸರಪಳಿಯ ದಾರ ಗಿಡ್ಡ ಮಾಡಿದರೆ 30 ಬರುತ್ತದಾ? ಐದು ಸೆಂ.ಮೀ. ಮೇಲೆತ್ತಿದಾಗ ಬಂತು.

ಇದನ್ನು ಮಾಡುವವರು ಗಮನಿಸಿ: ಉದ್ದವನ್ನು ಗಂಟಿನವರೆಗಲ್ಲ, ವಾಷರ್‌ನ ನಡುವಿನವರೆಗೆ ಅಳೆಯಬೇಕು, ಅದೂ ಕ್ಲಿಪ್ ಸಿಕ್ಕಿಸಿದ ಮೇಲೆ. ಬಿಡುವಾಗ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಶುರುವಿಟ್ಟ ಗುಂಪಿಗೆ ಸದಾ ಒಂದು ಹೆಚ್ಚು. ಪಕ್ಕಕ್ಕೆ ಎಳೆಯುವುದು 8 ಸೆಂ.ಮೀ. ಸಾಕು; 60 ಡಿಗ್ರಿ ಎಳೆದರೆ ಒಂದು ತೂಗಾಟದ ಹೊತ್ತೇ ಶೇ. 7ರಷ್ಟು ಹೆಚ್ಚುತ್ತದೆ. ದಾರ ಕಟ್ಟಿದ ಪೆನ್ಸಿಲ್ಲನ್ನು ಮೇಜಿಗೆ ಟೇಪ್ ಹಾಕಿ ಬಿಗಿಮಾಡಿ, ಉರುಳಿದರೆ ದಾರ ಸುತ್ತಿಕೊಂಡು ಗಿಡ್ಡವಾಗುತ್ತದೆ. ಹೂ ಕಟ್ಟುವ ದಾರ ಬೇಡ, ಹುರಿ ಬಿಚ್ಚಿಕೊಂಡು ವಾಷರ್ ಬುಗುರಿಯಾಗುತ್ತದೆ.

ವಾಷರ್ ವಿಷಯಕ್ಕೆ ಬಂದರೆ, ಅಂಗಡಿಯವರು ಕೆ.ಜಿ. ಲೆಕ್ಕದಲ್ಲಿ ಕೊಡುವ ಚೀಲದಲ್ಲಿ ದಪ್ಪದ್ದು, ತೆಳುವಿನದ್ದು ಎಲ್ಲ ಬೆರೆತಿರುತ್ತವೆ. ಒಂದೇ ಅಳತೆ ಬೇಕೆಂದು ಎಷ್ಟು ಬೇಡಿದರೂ ‘ಎಲ್ಲ ಒಂದೇ ಸಾರ್’ ಅನ್ನುತ್ತಾರೆ. ಆರಿಸಿಯೇ ತರಗತಿಗೆ ಒಯ್ಯಬೇಕು.

ನಡುವೆ ಇನ್ನೊಂದು ಪ್ರಯೋಗ, ನೆರಳಿನ ಕೋಲೂ ತಲೆಯಲ್ಲಿ ಕೊರೆಯುತ್ತಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲಿದ್ದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಆದರೆ ಆಗ ಬೇಸಿಗೆ ರಜೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಬರುತ್ತದೆ, ಮೋಡ ಬಿಟ್ಟುಕೊಟ್ಟರೆ ಶಾಲೆಯ ಅಂಗಳದಲ್ಲೇ ಮಾಡಬಹುದು. ಜೂನ್‌ನಿಂದಲೇ ವಾರಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿಸಬೇಕು.

ಲೋಲಕದಲ್ಲಿ ಉಳಿದಿರುವುದು ಮೊದಲೇ ಊಹಿಸಿ ನೋಡುವ ಒಂದು ಪ್ರಶ್ನೆ. 25 ಸೆಂ.ಮೀ.ಗೆ 30 ಆದರೆ 50ಕ್ಕೆ ಎಷ್ಟು? ‘ಅರ್ಧ, 15’ ಎಂದು ಎಲ್ಲರೂ ಬರೆದರು, ಬಂದದ್ದು 21. ಹಾಗಾದರೆ 15 ಬರಲು ದಾರ ಎಷ್ಟುದ್ದ ಬೇಕು? 70, 80 ಎಂದು ಊಹೆಗಳು ಓಡುತ್ತಿವೆ. ಬೇಕಾದದ್ದು ಒಂದು ಮೀಟರ್; ಅಷ್ಟುದ್ದದ ಲೋಲಕ ಮೇಜಿನಿಂದ ತೂಗದು, ನೆಲಕ್ಕೆ ತಾಗುತ್ತದೆ. ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯಲು ಹೆಡ್‌ಮಾಸ್ಟರ್ ಒಪ್ಪಿದ್ದಾರೆ.