ಸೊಂಟ ಉಳುಕಿದವರಿಗೆ ನಾನು ಮೊದಲು ಕಲಿಸುವುದು

ನನ್ನದು ಫಿಸಿಯೋಥೆರಪಿ ಕೆಲಸ. ಬರುವವರಲ್ಲಿ ಸೊಂಟ ಹಿಡಿದುಕೊಂಡವರೇ ಜಾಸ್ತಿ. ಬಗ್ಗಿ ಏನೋ ಎತ್ತಿದರು, ಎತ್ತುತ್ತಲೇ ಪಕ್ಕಕ್ಕೆ ತಿರುಗಿದರು, ಚಳಕ್ ಅಂತು. ಹೆಚ್ಚು ಕಮ್ಮಿ ಎಲ್ಲರೂ ಹೇಳುವುದು ಇದನ್ನೇ. ಆಮೇಲೆ ಹೆದರಿಕೊಂಡು ಕೇಳುತ್ತಾರೆ: "ಡಿಸ್ಕ್ ಜಾರಿದೆಯಾ ಸರ್?"

ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆ. ಬಹಳ ಸಲ ಅದು ಜಾರಿರುವುದಿಲ್ಲ. ಸೊಂಟದ ಭಾಗದಲ್ಲಿ 5 ಬೆನ್ನುಮೂಳೆಗಳಿವೆ. ಮೂಳೆಯಿಂದ ಮೂಳೆಗೆ ಬಿಗಿದಿರುವ ಗಟ್ಟಿ ಪಟ್ಟಿಗಳೇ ಲಿಗಮೆಂಟ್. ತಾಳುವ ಮಟ್ಟ ಮೀರಿ ಎಳೆತ ಬಿದ್ದರೆ ಅದರ ಕೆಲವು ಎಳೆಗಳು ಹರಿಯುತ್ತವೆ. ಅದೇ ಉಳುಕು. ಆ ಜಾಗ ಅಲ್ಲಾಡದಿರಲಿ ಅಂತ ಪಕ್ಕದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನೋವಿನಲ್ಲಿ ಈ ಬಿಗಿತದ ಪಾಲೂ ಇರುತ್ತದೆ. ಪೆಟ್ಟಾಗಿರುವುದು ಲಿಗಮೆಂಟಿಗೋ ಸ್ನಾಯುವಿಗೋ ಅಂತ ಮುಟ್ಟಿ ನೋಡಿ ಖಚಿತವಾಗಿ ಹೇಳಲು ಆಗಲ್ಲ. ಶುರುವಿನ ಆರೈಕೆ ಮಾತ್ರ ಎರಡಕ್ಕೂ ಒಂದೇ.

ಸ್ಕ್ಯಾನ್ ಮಾಡಿಸಿಬಿಡೋಣ ಅನ್ನುವ ಆತುರ ಹಲವರಿಗೆ. ನೋವೇ ಇಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ರಿಪೋರ್ಟ್ ಓದಿ ಹೆದರಿ ಮಲಗಿಬಿಟ್ಟರೆ ನಷ್ಟವೇ ಜಾಸ್ತಿ. ಆದರೆ ಕೆಲವು ಲಕ್ಷಣ ಇದ್ದರೆ ಒಂದು ದಿನವೂ ಕಾಯಬಾರದು. ತೊಡೆಸಂದು, ಗುದದ ಸುತ್ತ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಕಾಲಿನ ಶಕ್ತಿ ಕುಂದುವುದು. ಇವು ಕಂಡರೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ನೋವಿನ ಜೊತೆ ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಇದ್ದವರಾದರೆ ಮೊದಲು ಡಾಕ್ಟರ್, ಆಮೇಲೆ ವ್ಯಾಯಾಮ.

ಇದ್ಯಾವುದೂ ಇಲ್ಲ ಅಂತಾದ ಮೇಲೆ ನಾನು ಮೊದಲು ಕಲಿಸುವುದು ಹಾಸಿಗೆಯಿಂದ ಏಳುವುದನ್ನು. ಉಳುಕಿದವರು ಏಳುವಾಗ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಅಂಗಾತ ಮಲಗಿದಲ್ಲಿಂದಲೇ ಮುಂಡ ಎತ್ತಲು ನೋಡುತ್ತಾರೆ. ಅಲ್ಲೇ ಜೀವ ಹೋದಂತಾಗುತ್ತದೆ. ಅದರ ಬದಲು ಹೀಗೆ ಮಾಡಿ: ಎರಡೂ ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಒಟ್ಟಿಗೇ ಪಕ್ಕಕ್ಕೆ ಹೊರಳಲಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಕೈ ಊರಿ ಮೇಲೇಳಿ. ಉಸಿರು ಬಿಡುತ್ತಾ ಇರಿ. "ಅಯ್ಯೋ, ಇಷ್ಟೇನಾ?" ಅಂತ ಅವರ ಮುಖ ಸಡಿಲವಾದಾಗ ಅರ್ಧ ಹೆದರಿಕೆ ಇಳಿದಿರುತ್ತದೆ. ಅದು ಇಳಿಯದೆ ವ್ಯಾಯಾಮ ಕಲಿಸಿ ಪ್ರಯೋಜನ ಇಲ್ಲ.

ಹಾಸಿಗೆ ಹಿಡಿಯುವುದು ಬೇಡ. ತೀರಾ ನೋವಿದ್ದರೆ ಒಂದೆರಡು ದಿನ ಜಾಸ್ತಿ ವಿಶ್ರಾಂತಿ ತಗೊಳ್ಳಿ, ಸಾಕು. ಆಗಲೂ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಶಾಖ ಕೊಟ್ಟರೆ ಬಿಗಿತ ಸಡಿಲವಾಗುತ್ತದೆ. ಶುರುವಿನ ದಿನಗಳಲ್ಲಿ ಕೆಲವರಿಗೆ ಐಸ್ ಹಿತ ಅನಿಸುತ್ತದೆ, ಅದನ್ನೂ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ಪಕ್ಕಕ್ಕೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ನಿದ್ದೆಗೆ ಆರಾಮ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ನೋವಿನ ಮಾತ್ರೆಯನ್ನು ಸುಮ್ನೆ ನುಂಗಬಾರದು, ಡಾಕ್ಟರನ್ನು ಕೇಳಲೇಬೇಕು.

ನನಗೆ ನಿಜವಾದ ಚಿಂತೆ ನೋವು ಕಮ್ಮಿಯಾದ ಮೇಲಿನ ವಾರಗಳದ್ದು. ಲಿಗಮೆಂಟಿಗೆ ಸ್ನಾಯುವಿನಷ್ಟು ರಕ್ತ ಹರಿಯುವುದಿಲ್ಲ, ಹಾಗಾಗಿ ಕೂಡಿಕೊಳ್ಳುವುದೂ ನಿಧಾನ. ನೋವು ಹೋದ ದಿನವೇ ಅದು ಮೊದಲಿನಷ್ಟು ಗಟ್ಟಿಯಾಗಿರುವುದಿಲ್ಲ. ಜನ ವ್ಯಾಯಾಮ ಬಿಡುವುದೂ ಆಗಲೇ, ಭಾರ ಎತ್ತುವುದೂ ಆಗಲೇ. ದಯವಿಟ್ಟು ಬಿಡಬೇಡಿ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿದ್ದು ಒಂದು ಕೈ, ಎದುರು ಬದಿಯ ಕಾಲು ಚಾಚುವುದು, ದಿನಾ ನಡೆಯುವುದು. ಇವು ಇನ್ನೂ ಕೆಲವು ವಾರ ನಡೆಯಲಿ.

ಇನ್ನೊಂದು ವಿಷಯ ಕೂತು ಕೆಲಸ ಮಾಡುವವರಿಗೆ. ತುಂಬಾ ಹೊತ್ತು ಬಾಗಿ ಕೂತಾಗ ಲಿಗಮೆಂಟ್ ಮೆಲ್ಲಗೆ ಹಿಗ್ಗಿ ಸಡಿಲವಾಗಿರುತ್ತದೆ, ಎದ್ದ ಕೂಡಲೇ ಬಿಗಿಗೆ ಮರಳುವುದಿಲ್ಲ. ಹಾಗಾಗಿ ಎದ್ದವರೇ ಬಗ್ಗಿ ಭಾರ ಎತ್ತಬೇಡಿ. ನೆಟ್ಟಗೆ ನಿಂತು ಸ್ವಲ್ಪ ಹೊತ್ತು ಓಡಾಡಿ. ಆಮೇಲೆ ವಸ್ತುವನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ತಿರುಗಬೇಕಾದರೆ ಸೊಂಟ ತಿರುಚದೆ ಪಾದಗಳನ್ನೇ ಎತ್ತಿಟ್ಟು ತಿರುಗಿ.