ಬಿಎಫ್‌ಸಿಗಿಂತ ಮೊದಲೂ ಬೆಂಗಳೂರು ಆಡುತ್ತಿತ್ತು

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಗಲ್ಲಿಯ ಹುಡುಗರು ಚಂದಾ ಎತ್ತಿ ಕಟ್ಟಿದ ಫುಟ್‌ಬಾಲ್ ಕ್ಲಬ್ಬಲ್ಲ. ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ನೇರ ಪ್ರವೇಶ ಕೊಡಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆದಾಗ ಜೆಎಸ್‌ಡಬ್ಲ್ಯು ಸಮೂಹ ಆ ಸ್ಥಾನವನ್ನು ಪಡೆದುಕೊಂಡಿತು. 2013ರ ಜುಲೈನಲ್ಲಿ ತಂಡ ಹುಟ್ಟಿತು. ಹೆಸರಿನ ವಿಷಯದಲ್ಲಿ ಮಾತ್ರ ಅದು ಸರ್ಕಾರಕ್ಕಿಂತ ಚುರುಕಾಗಿತ್ತು ಎಂದು ನನಗೆ ಈಗಲೂ ಖುಷಿ. ರಾಜಧಾನಿಯ ಹೆಸರು ಇಂಗ್ಲಿಷಿನಲ್ಲಿಯೂ ‘ಬೆಂಗಳೂರು’ ಎಂದು ಅಧಿಕೃತವಾದದ್ದು 2014ರ ನವೆಂಬರ್ 1ರಂದು, ಅಂದರೆ ಅಂಗಿಯ ಮೇಲೆ ಆ ಹೆಸರು ಬಂದು ವರ್ಷ ಕಳೆದ ಮೇಲೆ.

ಆದರೆ ಕ್ಲಬ್ಬು ಬಂದದ್ದು ಬರಡು ನೆಲಕ್ಕಲ್ಲ. ದಂಡು ಪ್ರದೇಶದ ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲಿಗೇ ಹೆಚ್ಚು ಮರ್ಯಾದೆಯಿದ್ದ ಕಾಲವೊಂದಿತ್ತು. ಬ್ರಿಟಿಷ್ ಸೇನಾ ತಂಡಗಳೇ ಮೆರೆಯುತ್ತಿದ್ದ ಮುಂಬೈನ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಗೆದ್ದು, ಮರುವರ್ಷವೂ ಉಳಿಸಿಕೊಂಡಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದ ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಈ ಊರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ಬಹಳ ಕಾಲ ಆಟವನ್ನು ಜೀವಂತವಾಗಿಟ್ಟವು.

ಹೊಸ ಕ್ಲಬ್ಬಿಗೆ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರ, ಸುನಿಲ್ ಚೆಟ್ರಿ ನಾಯಕ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನ ಮೇಲೆ ಆಟ ಶುರುವಾಯಿತು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ, ಕಾಲಿಟ್ಟ ಮೊದಲ ವರ್ಷವೇ ಐ-ಲೀಗ್ ಕೈಗೆ ಬಂದಿತ್ತು. ಹಣ ಕೊಟ್ಟು ಬಂದವರು ಹಣದಿಂದಲೇ ಗೆದ್ದರು ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ.

ನನ್ನ ಮನಸ್ಸು ಬದಲಾದದ್ದು ಗೆಲುವಿನಿಂದಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಲೀಗ್‌ನ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಅವರಿಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಮಳೆಯಲ್ಲಿ ತೊಯ್ದ ಮೈದಾನದಲ್ಲಿ ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಮುಂದಿದ್ದ ನಾವು ಗಡಿಯಾರ ನೋಡುತ್ತ ಕುಳಿತಿದ್ದೆವು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಗುದ್ದಿದ ಚೆಂಡು ಒಳಹೊಕ್ಕಿತು. ಪಂದ್ಯ 1-1, ಪ್ರಶಸ್ತಿ ಕೋಲ್ಕತ್ತಾಕ್ಕೆ. ಪಂದ್ಯ ಮುಗಿದ ಮೇಲೂ ಪಶ್ಚಿಮದ ಸ್ಟ್ಯಾಂಡಿನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಕದಲದೆ ಹಾಡುತ್ತಲೇ ಇದ್ದರು. ಆ ರಾತ್ರಿ ಮನೆಗೆ ಹೋಗುವಾಗ ‘ಅವರು ಸೋತರು’ ಎನ್ನದೆ ‘ಸೋತೆವು’ ಎಂದು ನಾನೇ ಹೇಳಿದ್ದನ್ನು ಗಮನಿಸಿದೆ.

ಮರುವರ್ಷ ಲೀಗ್ ಮತ್ತೆ ನಮ್ಮದಾಯಿತು. ಅದೇ 2016ರಲ್ಲಿ ಆಲ್ಬರ್ಟ್ ರೋಕಾ ತರಬೇತಿಯಲ್ಲಿ ತಂಡ ಮಲೇಷ್ಯಾದ ಜೊಹೊರ್ ಕ್ಲಬ್ಬನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ, ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಒಂದೇ ಗೋಲಿನಿಂದ ಸೋತಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಜಿಗಿದ ಮೇಲೆ ಮಾರ್ಚ್ 17 ಎಂಬ ದಿನ ಎರಡು ಮುಖ ತೋರಿಸಿತು. 2018ರಲ್ಲಿ ಆ ದಿನ ಸ್ವಂತ ಮೈದಾನದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2-3ರ ಸೋಲು. 2019ರಲ್ಲಿ ಅದೇ ದಿನ ಮುಂಬೈಯಲ್ಲಿ, ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿದ್ದಾಗ, ಕಾರ್ನರ್ ಕಿಕ್‌ಗೆ ರಾಹುಲ್ ಭೆಕೆ ತಲೆಯೊಡ್ಡಿ ಗೋವಾ ವಿರುದ್ಧ ಪ್ರಶಸ್ತಿ ತಂದುಕೊಟ್ಟರು. 2022ರ ಡ್ಯುರಾಂಡ್ ಕಪ್ ಬಿಟ್ಟರೆ ಆಮೇಲಿನ ವರ್ಷಗಳ ಫಸಲು ತೆಳು; 2023 ಮತ್ತು 2025ರ ಐಎಸ್‌ಎಲ್ ಫೈನಲ್‌ಗಳೆರಡೂ ಕೋಲ್ಕತ್ತಾದ ಅದೇ ಹಳೆಯ ಎದುರಾಳಿ ಮೋಹನ್ ಬಾಗಾನ್ ಪಾಲಾದವು.

ನನ್ನ ಒಂದು ತಕರಾರು ಮಾತ್ರ ಉಳಿದಿದೆ. ಮೊದಲ ಋತುಗಳ ತಂಡದಲ್ಲಿ ಇದೇ ನಗರದ ಶಂಕರ್ ಸಂಪಂಗಿರಾಜ್ ಆಡುತ್ತಿದ್ದರು. ಅಂಥವರ ಸಾಲು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿಯಿದೆ ನಿಜ, ಆದರೆ ಆಸ್ಟಿನ್ ಟೌನಿನ ಮೈದಾನಕ್ಕೂ ಕಂಠೀರವಕ್ಕೂ ನಡುವೆ ಇರುವ ಮೂರು ನಾಲ್ಕು ಕಿಲೋಮೀಟರ್ ದಾರಿ ಇನ್ನೂ ಸವೆದಿಲ್ಲ.

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ತಡೆಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಅದನ್ನು ಒಪ್ಪದ ಎದುರಾಳಿ ತಂಡ ಮೈದಾನ ಬಿಟ್ಟೇ ಹೊರಟುಹೋಯಿತು. ಮಾರನೆಯ ದಿನವೆಲ್ಲ ನಮ್ಮ ಬಳಗದಲ್ಲಿ ಆ ಗೋಲು ಸರಿಯೋ ತಪ್ಪೋ ಎಂಬ ಜಗಳ. ಅದೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತ್ತು. ಸುದ್ದಿ ನನಗೆ ತಿಳಿದದ್ದು ಒಂದು ದಿನ ತಡವಾಗಿ.